ಮಾಳಿಗೆ ಮನೆಯ ಮುಂದೆ ದುರ್ಬೀನು

ದ್ರೌಪದಿ ಮೂವತ್ತೆರಡು ವರ್ಷಗಳಿಂದ ಮಣ್ಣು ಹೇರಿದ ಮಾಳಿಗೆಯ ಕೆಳಗೆ ಮಲಗಿದವಳಲ್ಲ. ಮದುವೆಯ ಮಾತುಕತೆಗೆ ಉದಗೀರದಿಂದ ಬಂದ ಧನರಾಜನಿಗೆ ಚಹಾದ ಬಟ್ಟಲು ಕೊಡುತ್ತ, ತಲೆ ಎತ್ತದೆಯೇ ಕೇಳಿದ್ದಳಂತೆ: "ನಿಮ್ಮ ಮನಿ ಮ್ಯಾಲ ಏನದ ರೀ?"

ಅವನಿಗೆ ಅರ್ಥವಾಗಲಿಲ್ಲ. "ಮ್ಯಾಲ ಏನಿರ್ತದ? ಕಾಗಿ ಕೂಡ್ತಾವ" ಅಂದನಂತೆ.

ಹಿರಿಯರೆಲ್ಲ ನಕ್ಕರು. ಅವಳು ನಗಲಿಲ್ಲ. ಅವನ ಬಾಡಿಗೆ ಮನೆ ತಗಡಿನದು ಎಂದು ತಿಳಿದ ಮೇಲೆಯೇ ಹೂಂ ಅಂದಳು. ಧನರಾಜ ಉದಗೀರದ ಧಾನ್ಯದ ಪೇಟೆಯಲ್ಲಿ ತೂಕ ಹಾಕುವ ಮಾಪಾಡಿ. ಆ ತಗಡಿನ ಮನೆಯ ಮುಂದೆ ಎರಡು ಹೊರಸು ಹಿಡಿಯುವಷ್ಟು ಅಂಗಳವಿತ್ತು. ಬೇಸಿಗೆಯಲ್ಲಿ ಎಲ್ಲರೂ ಹೊರಗೆ ಮಲಗುತ್ತಾರೆ. ದ್ರೌಪದಿ ಚಳಿಗಾಲದಲ್ಲೂ ಮಲಗಿದಳು. ಮಳೆ ಬಂದರೆ ತಗಡಿನ ಕೆಳಗೆ ಹೋಗಿ, ಬಾಗಿಲು ತೆರೆದಿಟ್ಟು, ಹೊಸ್ತಿಲಿಗೆ ಕಾಲು ಚಾಚಿ ಮಲಗುವಳು. ಮಗಳು ಶಾಂಭವಿ ಹುಟ್ಟಿದ ಮೇಲೂ ಅದೇ ರೂಢಿ. ಕಾರಣ ಯಾರೂ ಕೇಳಲಿಲ್ಲ. ಮಾಕಣಿ ಕಡೆಯ ಹೆಣ್ಣು ಅಂದ ಕೂಡಲೇ ಈ ಸೀಮೆಯಲ್ಲಿ ಜನ ಲೆಕ್ಕ ಹಾಕುತ್ತಾರೆ: ತೊಂಬತ್ಮೂರರ ಭೂಕಂಪದಾಗ ಈಕಿಗಿ ಎಷ್ಟು ವರ್ಷ? ಹನ್ನೊಂದು. ಯಾರು ಯಾರು ಹೋದ್ರು? ಅಜ್ಜಿ, ತಮ್ಮ. ಅಷ್ಟಕ್ಕೇ ಸುಮ್ಮನಾಗುತ್ತಾರೆ.

ಹೊರಗೆ ಮಲಗಿದವಳಿಗೆ ಕಣ್ಣೆದುರು ಇರುವುದು ಆಕಾಶ ಒಂದೇ. ಅವಳು ಅದನ್ನು ಮೊದಲು ಪ್ರೀತಿಯಿಂದ ನೋಡಿದ್ದಲ್ಲ, ನಂಬಿಕೆಯಿಂದ ನೋಡಿದ್ದು. ಅಲ್ಲಿ ಬೀಳುವಂಥದ್ದು ಏನೂ ಇರಲಿಲ್ಲ. ಯಾವ ತಿಂಗಳಲ್ಲಿ ಯಾವ ಚುಕ್ಕಿ ಬೇವಿನ ಗಿಡದ ಯಾವ ಟೊಂಗೆಯ ಹಿಂದಿನಿಂದ ಏರುತ್ತದೆ ಎನ್ನುವುದು ಅವಳಿಗೆ ಹೆಸರಿಲ್ಲದೆಯೇ ಗೊತ್ತಾಯಿತು. ಹೆಸರುಗಳು ಬಂದದ್ದು ಆಮೇಲೆ, ಊರಿನ ಒಂದು ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಸಿಕ್ಕ ಮೇಲೆ. ಮಸೂರ ಒರೆಸುವುದು, ಲೋಲಕದ ದಾರ ಕಟ್ಟುವುದು, ಹುಡುಗರು ಕೆಡಿಸಿದ್ದನ್ನು ಸರಿ ಮಾಡುವುದು. ಕಪಾಟಿನ ಅಡಿಯಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಇತ್ತು. ಹೊಸದಾಗಿ ಬಂದ ನೀಲೇಶ ಸರ್ ಅದನ್ನು ಬಿಚ್ಚಿಸಿದರು. ಆರು ಇಂಚಿನ ಕನ್ನಡಿಯ ದುರ್ಬೀನು, ಅದನ್ನು ಆಕಾಶದ ಜೊತೆ ನಿಧಾನ ತಿರುಗಿಸುವ ಮೋಟಾರು. ಬಂದಾಗಿನಿಂದ ಯಾರೂ ಮುಟ್ಟಿರಲಿಲ್ಲ.

"ದ್ರೌಪದಿಬಾಯಿ, ಇದನ್ನ ಜೋಡಿಸೋದು ನಿಮಗ ಬರ್ತದೇನು?" ಸರ್ ಕೇಳಿದರು.

"ಬಿಚ್ಚಲಿಕ್ಕ ಬಂದ್ರ ಜೋಡಸ್ಲಿಕ್ಕ ಬರ್ತದ ರೀ ಸರ್."

ಬಂತು. ಎರಡು ವರ್ಷದಲ್ಲಿ ಸರ್‌ಗಿಂತ ಅವಳಿಗೇ ಚೆನ್ನಾಗಿ ಬಂತು. ಲಗ್ನದ ಫೋಟೋ ತೆಗೆಯುವ ಒಬ್ಬರು ಹಳೆಯ ಕ್ಯಾಮೆರಾ ಮಾರಿದಾಗ ಧನರಾಜ ಅದನ್ನು ತಂದುಕೊಟ್ಟ. ಚಂದ್ರ, ಶನಿಯ ಬಳೆ, ಮೃಗಶಿರೆಯ ಮೋಡ, ಒಂದೊಂದೇ ಅವಳ ಕೈಗೆ ಹತ್ತಿದವು. ಕಾಲೇಜಿನ ವರಾಂಡದಲ್ಲಿ ಆ ಫೋಟೋಗಳನ್ನು ಅಂಟಿಸಿದರು. ಕೆಳಗೆ ಅವಳ ಹೆಸರು ಬರೆಯಲು ಸರ್ ಹೊರಟಾಗ, ಬ್ಯಾಡ್ರಿ ಅಂದಳು.

ಆಮೇಲೆ ಅವಳು ಆರುನೂರಾ ಅರವತ್ತರ ಬೆನ್ನು ಹತ್ತಿದಳು.

ಅದು ಮೀನ ರಾಶಿಯಲ್ಲಿರುವ ಒಂದು ಮಸುಕಾದ ಗ್ಯಾಲಕ್ಸಿ. ಹೆಸರಿಲ್ಲ, ಪಟ್ಟಿಯಲ್ಲಿ ಒಂದು ನಂಬರು ಅಷ್ಟೇ. ಬಹಳಷ್ಟು ಗ್ಯಾಲಕ್ಸಿಗಳು ಒಂದು ತಟ್ಟೆಯ ಹಾಗಿರುತ್ತವೆ. ಇದಕ್ಕೆ ತಟ್ಟೆಯನ್ನು ಅಡ್ಡ ಹಾದು ನಿಂತ ಇನ್ನೊಂದು ಬಳೆ ಇದೆ. ಎಂದೋ ಹತ್ತಿರ ಬಂದ ಬೇರೊಂದು ಗ್ಯಾಲಕ್ಸಿಯನ್ನು ಇದು ಎಳೆದು ಮುರಿದಿರಬೇಕು ಎಂದು ತಿಳಿದವರು ಹೇಳುತ್ತಾರೆ. ಮುರಿದ ಚೂರು ಎಲ್ಲೂ ಬೀಳಲಿಲ್ಲ, ಇದರ ಸುತ್ತಲೇ ತಿರುಗುತ್ತ ಉಳಿಯಿತು. ಅದನ್ನು ಓದಿದ ದಿನ ದ್ರೌಪದಿ ಆ ಪುಟಕ್ಕೆ ಲೋಲಕದ ದಾರ ಇಟ್ಟು ಪುಸ್ತಕ ಮುಚ್ಚಿದಳು. ಬಳೆಯ ಬೆಳಕು ಎಷ್ಟು ಕಡಿಮೆಯೆಂದರೆ ಎರಡೆರಡು ನಿಮಿಷದ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಹೇರಬೇಕು. ಹತ್ತು ತಾಸಿನ ಬೆಳಕಾದರೂ ಬೇಕು. ಉದಗೀರದ ದೀಪಗಳ ಕೆಳಗೆ ಮೂರು ಚಳಿಗಾಲ ಕಳೆದವು, ಬಳೆ ಕಾಣಲಿಲ್ಲ.

ನಾಲ್ಕನೆಯ ಚಳಿಗಾಲಕ್ಕೆ ಶಾಂಭವಿಯ ಹೆರಿಗೆ ಬಂತು.

ಅವಳನ್ನು ಕೊಟ್ಟದ್ದು ಉಮರ್ಗಾಕ್ಕೆ. ಚೊಚ್ಚಲ ಬಾಣಂತನ ತವರಿನದು. ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಒಂದು ಕಿಲೋ ಒಂಬೈನೂರು ಗ್ರಾಂ. ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ಮನೆಗೆ ಕಳಿಸುವಾಗ ನರ್ಸಮ್ಮ ಒಂದೇ ಮಾತನ್ನು ಹತ್ತು ಸಲ ಹೇಳಿದಳು. ಥಂಡಿ ತಾಗಬಾರದು. ತಾಯಿಯ ಎದೆಗೆ ಹಚ್ಚಿಕೊಂಡೇ ಇರಬೇಕು. ಅಂಗಾಲು ಮುಟ್ಟಿ ನೋಡ್ತಾ ಇರಿ, ತಣ್ಣಗಾದ್ರ ತಡ ಮಾಡಬ್ಯಾಡ್ರಿ.

ತಗಡಿನ ಮನೆ ಡಿಸೆಂಬರಿನಲ್ಲಿ ಬೆವರುತ್ತದೆ. ನಸುಕಿನಲ್ಲಿ ಸೂರಿನಿಂದ ಹನಿ ಬೀಳುತ್ತದೆ. ನಿಲಂಗಾ ತಾಲೂಕಿನ ಹಳ್ಳಿಯಿಂದ ದ್ರೌಪದಿಯ ಅತ್ತೆ ಅನುಸೂಯಾಬಾಯಿ ಬಂದವಳು ಮೊಮ್ಮಗಳ ಹಾಸಿಗೆ ಮುಟ್ಟಿ ನೋಡಿ, ಅಲ್ಲೇ ತೀರ್ಮಾನ ಹೇಳಿದಳು.

"ಈ ಡಬ್ಬಿಯೊಳಗ ಕೂಸು ಉಳೀತದೇನು? ನಮ್ಮ ಮಾಳಿಗಿ ಮನಿ ಅದ. ಮೂರು ಮೊಳ ಗ್ವಾಡಿ. ಒಳಗ ಹೋದ್ರ ತಾಯಿ ಹೊಟ್ಟಿ ಇದ್ದಂಗ. ನಡೀ ಶಾಂಭವಿ."

ಮೂರು ಮೊಳದ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮರದ ತೊಲೆಗಳ ಮೇಲೆ ವರ್ಷ ವರ್ಷ ಹೇರಿದ ಮಣ್ಣು. ದ್ರೌಪದಿ ಹುಟ್ಟಿದ ಮನೆಯೂ ಹಾಗೇ ಇತ್ತು. ಅವಳು ಗಂಡನ ಮುಖ ನೋಡಿದಳು. ಧನರಾಜ ನೆಲ ನೋಡಿದ.

"ಆ ಕಡಿ ನೆಲದಾಗ ಸಪ್ಪಳ ಬರ್ಲಿಕತ್ತದ ಅಂತಾರಲ್ಲ ಅತ್ತಿ" ಅಂದಳು.

"ಬರ್ತದ. ಗುಡಗುಡ ಅಂತದ, ಹೋಗ್ತದ. ಆಫೀಸಿನವರು ಬಂದು ನೋಡಿ, ಅಂಜಬ್ಯಾಡ್ರಿ ಅಂದು ಹೋಗ್ಯಾರ."

ಭೂಕಂಪಕ್ಕೆ ಮುಂಚೆಯೂ ಹಾಗೇ ಅಂದಿದ್ದರು. ದ್ರೌಪದಿ ಬಟ್ಟೆ ಸರಿಸಿ ಮುಟ್ಟಿ ನೋಡಿದಳು. ಕೂಸಿನ ಅಂಗಾಲು ತಣ್ಣಗಿತ್ತು.

ಕಾಲೇಜಿಗೆ ರಜೆ ಬರೆದುಕೊಟ್ಟಳು. ನೀಲೇಶ ಸರ್ ತಾವಾಗಿಯೇ ದುರ್ಬೀನಿನ ಪೆಟ್ಟಿಗೆ ಮುಂದೆ ತಳ್ಳಿದರು. "ಹಳ್ಳಿ ಕತ್ತಲಾಗ ನಿಮ್ಮ ಆರುನೂರಾ ಅರವತ್ತು ಸಿಕ್ಕೇ ಸಿಗ್ತದ, ಒಯ್ಯಿರಿ." ಅವಳು ಒಯ್ದಳು. ರಾತ್ರಿಯೆಲ್ಲ ಅಂಗಳದಲ್ಲಿ ಎಚ್ಚರ ಕೂರಲು ಅವಳಿಗೆ ಒಂದು ನೆವ ಬೇಕಾಗಿತ್ತು ಎಂದು ಯಾರಿಗೂ ಹೇಳಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ನಾಲ್ಕು ದಿನ ಉಳಿದಿತ್ತು. ಚಂದ್ರ ಸವೆದು ಸವೆದು ನಸುಕಿನ ಗೀರಾಗಿದ್ದ. ಹಳ್ಳಿಯ ಮನೆಯ ಅಂಗಳಕ್ಕೆ ಶಹಾಬಾದಿ ಫರ್ಸಿಯ ಕಲ್ಲುಚಪ್ಪಡಿ ಹಾಸಿತ್ತು. ಬಾಗಿಲಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ದುರ್ಬೀನಿನ ಮೂರು ಕಾಲು ಊರಿ, ಪಕ್ಕದಲ್ಲಿ ಹೊರಸು ಹಾಕಿದಳು. ಪಕ್ಕದ ಮನೆಯ ನಾಗಣ್ಣ ಕಂಬಳಿ ಹೊದ್ದು ನೋಡಲು ಬಂದ.

"ವೈನಿ, ತೋಪು ತಂದೀರಿ?"

"ದುರ್ಬೀನ್ ರೀ."

"ಏನು ನೋಡ್ತೀರಿ ಅದರಾಗ?"

"ಒಂದು ಗ್ಯಾಲಕ್ಸಿ ಅದ. ಆರುನೂರಾ ಅರವತ್ತು ಅಂತಾರ."

"ಹೊಲದ ಗಟ್ ನಂಬರೇನು? ಯಾರ ಹೆಸರಿಗದ?"

"ಇನ್ನಾ ಯಾರ ಹೆಸರಿಗೂ ಇಲ್ಲ."

"ಹಂಗಾದ್ರ ಜಲ್ದಿ ನೋಡ್ರಿ. ನಿಲಂಗಾದವರಿಗಿ ಗೊತ್ತಾದ್ರ ಪ್ಲಾಟ್ ಹಾಕ್ತಾರ." ನಾಗಣ್ಣ ತನ್ನ ಮಾತಿಗೆ ತಾನೇ ನಕ್ಕು, ಒಂದು ಕಣ್ಣು ಮುಚ್ಚಿ ನೋಡಿ, ಏನೂ ಕಾಣಲಿಲ್ಲವೆಂದು ಹೇಳಿ ಹೋದ.

ಅವಳಿಗೂ ಕಣ್ಣಿಗೆ ಕಾಣುತ್ತಿರಲಿಲ್ಲ. ಸುತ್ತಲಿನ ಚುಕ್ಕಿಗಳ ಗುರುತಿನ ಮೇಲೆ ದುರ್ಬೀನು ನಿಲ್ಲಿಸಿ, ಕ್ಯಾಮೆರಾಕ್ಕೆ ಟೈಮರ್ ಹಚ್ಚಿದಳು. ಎರಡು ನಿಮಿಷ ತೆರೆದಿರುತ್ತದೆ, ಟಕ್ ಎಂದು ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಆ ಟಕ್ ಸದ್ದಿನ ನಡುವೆ ಹಳ್ಳಿ ಒಂದೊಂದೇ ದೀಪ ಆರಿಸಿತು. ಒಳಗೆ ಶೇಗಡಿಯ ಇದ್ದಿಲಿನ ಕೆಂಪು ಬೆಳಕು ಬಾಗಿಲಿನ ಸಂದಿನಲ್ಲಿ ಕಾಣುತ್ತಿತ್ತು. ಅದರಾಚೆ ಶಾಂಭವಿ, ಅವಳ ಎದೆಯ ಮೇಲೆ ಕೂಸು, ಅವರಿಬ್ಬರ ಮೇಲೆ ಎಷ್ಟೋ ಗಾಡಿ ಮಣ್ಣು.

ಒಂಬತ್ತು ಗಂಟೆಯ ಸುಮಾರಿಗೆ ದ್ರೌಪದಿಗೆ ಏನೋ ಆಯಿತು. ಸದ್ದಲ್ಲ. ಹೊರಸಿನ ಕಾಲಿನಿಂದ ಬೆನ್ನಿಗೆ ಹತ್ತಿದ ಒಂದು ಅನುಮಾನ. ಎದ್ದಳು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಾಗಿಲಿಗೆ ಹೋಗಿ ಕಿವಿ ಹಚ್ಚಿದಳು. ಒಳಗೆ ಅತ್ತೆಯ ಗೊರಕೆ. ಮರಳಿ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕೊನೆಯ ಫೋಟೋ ದೊಡ್ಡದು ಮಾಡಿ ನೋಡಿದಳು.

ದುಂಡಗಿರಬೇಕಾದ ಪ್ರತಿ ಚುಕ್ಕಿಗೂ ಒಂದು ಕೊಕ್ಕೆ ಇತ್ತು. ಎಲ್ಲ ಕೊಕ್ಕೆಗಳೂ ಒಂದೇ ಕಡೆಗೆ.

ಅವಳು ಸುತ್ತ ನೋಡಿದಳು. ಗಾಳಿ ಇರಲಿಲ್ಲ; ಬೇವಿನ ಎಲೆ ಮಿಸುಕುತ್ತಿರಲಿಲ್ಲ. ನಾಯಿ ಬಂದಿರಲಿಲ್ಲ. ತಂತಿ ಸಡಿಲವಿರಲಿಲ್ಲ. ಹಿಂದಿನ ಫೋಟೋ ನೋಡಿದಳು, ದುಂಡಗಿತ್ತು. ಮುಂದಿನದು ಬರುವವರೆಗೆ ಎರಡು ನಿಮಿಷ ಉಸಿರು ಹಿಡಿದು ನಿಂತಳು. ಅದೂ ದುಂಡಗಿತ್ತು. ನಡುವಿನ ಎರಡು ನಿಮಿಷದಲ್ಲಿ ಮಾತ್ರ ಆಕಾಶ ಅಲುಗಿತ್ತು. ಆಕಾಶ ಅಲುಗುವುದಿಲ್ಲ. ಅಲುಗುವುದು ನೆಲ.

ಆ ರಾತ್ರಿ ಇನ್ನೊಮ್ಮೆ ಹಾಗಾಯಿತು. ಮರುರಾತ್ರಿ ನಾಲ್ಕು ಸಲ. ಪ್ರತಿ ಸಲವೂ ಅದೇ ಕ್ರಮ: ಮೊದಲು ಬೆನ್ನಿನಲ್ಲಿ ಅನುಮಾನ, ಅವಳು ಎದ್ದು ಬಾಗಿಲಿಗೆ ಕಿವಿ ಹಚ್ಚುವುದು, ಮರಳಿ ಬಂದು ನೋಡಿದರೆ ಕೊಕ್ಕೆ. ಅವಳಿಗೆ ಈಗ ಸಂಶಯ ಉಳಿಯಲಿಲ್ಲ. ಮೈಗೆ ಮೊದಲು ತಿಳಿಯುತ್ತದೆ, ಕ್ಯಾಮೆರಾ ಆಮೇಲೆ ಸಾಕ್ಷಿ ಹೇಳುತ್ತದೆ. ದನಗಳಿಗೆ ತಿಳಿದ ಹಾಗೆ ತನಗೂ ತಿಳಿಯುತ್ತಿದೆ ಎಂದುಕೊಂಡಳು.

ಬೆಳಿಗ್ಗೆ ಆ ಫೋಟೋಗಳನ್ನು ಅತ್ತೆಗೆ ತೋರಿಸಿದಳು. ಅನುಸೂಯಾಬಾಯಿ ಬಾಣಂತಿಯ ಖಾರದ ಪುಡಿ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸದೆ ನೋಡಿದಳು.

"ಏನಿದು, ಮೆಂತೆ ಕಾಳು ಮೊಳಕಿ ಒಡದದ?"

"ಚುಕ್ಕಿ ಅತ್ತಿ. ನೆಲ ನಡಗ್ಯದ. ಕೂಸಿನ್ನ ಹೊರಗ ಮಲಗ್ಸೂಣು."

"ಎಲ್ಲಿ, ಈ ಥಂಡ್ಯಾಗ?" ಒನಕೆ ನಿಂತಿತು. "ಏ ಹುಡುಗಿ, ನಾ ಎಪ್ಪತ್ತು ವರ್ಷದಕಿ, ನೆಲದ ಮ್ಯಾಲೇ ಮಲಗ್ತೀನಿ. ನೆಲ ನಡಗಿದ್ರ ನನಗ ಗೊತ್ತಾಗ್ಲಿಲ್ಲ, ಆಕಾಶಕ್ಕ ಮುಖ ಮಾಡಿದ ನಿನ್ನ ಡಬ್ಬಿಗಿ ಗೊತ್ತಾತು?"

ಒಳಗಿನಿಂದ ಶಾಂಭವಿ ಕೂಗಿದಳು: "ಆಯಿ, ಅವ್ವಗ ಬೈಬ್ಯಾಡ. ಅವ್ವ, ನಿನ್ನೆ ರಾತ್ರಿ ಹೊಟ್ಟಿ ತುಂಬ ಹಾಲು ಕುಡದದ ನೋಡು ಇದು! ಇಲ್ಲೇ ಬೆಚ್ಚಗ ಅದ."

ದ್ರೌಪದಿ ಹೊಸ್ತಿಲ ಹೊರಗೇ ನಿಂತು ಕೂಸಿನ ಕಡೆ ನೋಡಿದಳು. ಕೆನ್ನೆಗೆ ಬಣ್ಣ ಬಂದಿತ್ತು.

ಮೂರನೆಯ ರಾತ್ರಿ ಧನರಾಜನೂ ಹಬ್ಬಕ್ಕೆಂದು ಬಂದು ಪಡಸಾಲೆಯಲ್ಲಿ ಮಲಗಿದ್ದ. ದ್ರೌಪದಿ ಏಳು ಗಂಟೆಗೇ ಫೋಟೋ ಶುರು ಮಾಡಿದಳು. ಅಂದು ಮೈ ಸುಮ್ಮನಿರಲೇ ಇಲ್ಲ. ಎಂಟಕ್ಕೊಮ್ಮೆ, ಎಂಟೂವರೆಗೊಮ್ಮೆ, ಒಂಬತ್ತಕ್ಕೆ ಎರಡು ಸಲ. ಎದ್ದು ಹೋಗಿ ಕೇಳಿ ಬಂದು ನೋಡಿದರೆ ಕೊಕ್ಕೆ. ಹತ್ತು ಗಂಟೆಯ ಫೋಟೋದಲ್ಲಿ ಚುಕ್ಕಿಗಳು ಎರಡೆರಡಾಗಿ ಬಿದ್ದಿದ್ದವು. ಅವಳು ಕ್ಯಾಮೆರಾದ ಪರದೆ ಆರಿಸಿದಳು. ಇನ್ನು ನೋಡುವುದು ಬೇಡ. ಯಾರು ಬೈದರೂ ಬೈಯಲಿ. ತನ್ನ ಕೌದಿ, ಕಂಬಳಿ ಎರಡನ್ನೂ ಹೊರಸಿನ ಮೇಲೆ ಹರಡಿ ಸಿದ್ಧ ಮಾಡಿ, ಬಾಗಿಲು ದೂಡಿದಳು.

ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಲೋಬಾನದ ವಾಸನೆ, ಹಾಲಿನ ವಾಸನೆ. ಶೇಗಡಿಯ ಬೆಳಕಲ್ಲಿ ಶಾಂಭವಿ ಮಲಗಿದ್ದಳು. ಕುಂಚಿಗೆಯೊಳಗೆ ಕೂಸಿನ ಮುಖ ಒಂದು ಮುಷ್ಟಿಯಷ್ಟು. ದ್ರೌಪದಿಯ ಹಿಂದೆ ತೆರೆದ ಬಾಗಿಲಿನಿಂದ ಚಳಿ ಒಂದು ದನದಂತೆ ಒಳಗೆ ನುಗ್ಗಿತು. ಕೂಸು ನಿದ್ದೆಯಲ್ಲೇ ಮೈ ಕುಗ್ಗಿಸಿತು.

ಅಷ್ಟೇ ಆದದ್ದು. ಆ ಸಣ್ಣ ಮೈ ಒಮ್ಮೆ ಕುಗ್ಗಿತು.

ದ್ರೌಪದಿ ಹೊಸ್ತಿಲಲ್ಲಿ ನಿಂತಳು. ಎತ್ತಿಕೊಂಡು ಹೋದರೆ ಚಳಿ. ಬಿಟ್ಟು ಹೋದರೆ ಮಾಳಿಗೆ. ಮುಂದೆ ಹೋಗಲಾರಳು, ಹಿಂದೆ ಬರಲಾರಳು. ಕೊನೆಗೆ ಅವಳ ಕೈ ತಾನಾಗಿಯೇ ಬಾಗಿಲು ಮುಚ್ಚಿತು. ಅವಳು ಬಾಗಿಲಿನ ಒಳಗೆ ಇದ್ದಳು.

"ಯಾರದು?" ಕತ್ತಲಿನಿಂದ ಅನುಸೂಯಾಬಾಯಿ.

"ನಾ, ಅತ್ತಿ."

"ಒಳಗ್ಯಾಕ ಬಂದಿ? ಹೊರಗ ಹುಲಿ ಬಂತೇನು?"

"ಕೂಸಿನ್ನ ಒಯ್ಲಿಕ್ಕ ಬಂದಿದ್ದೆ."

"ಒಯ್ಯಿ ಮತ್ತ."

"ಆಗವಲ್ದು."

ಅತ್ತೆ ಎದ್ದು ಕೂತ ಸದ್ದು. ದ್ರೌಪದಿ ಗೋಡೆ ಹಿಡಿದು ಹೋಗಿ ಮಗಳ ಹೊರಸಿನ ಪಕ್ಕ ನೆಲದ ಮೇಲೆ ಕುಳಿತಳು. ತಲೆ ಎತ್ತಿ ತೊಲೆ ನೋಡುವ ಧೈರ್ಯ ಬರಲಿಲ್ಲ. ಹೊರಗೆ, ದೂರದಲ್ಲಿ ಎಂಬಂತೆ, ಟಕ್ ಸದ್ದು ಬರುತ್ತಿತ್ತು. ಟೈಮರ್ ಬಂದ್ ಮಾಡುವುದು ಅವಳಿಗೆ ಮರೆತಿತ್ತು.

"ನಿಮ್ಮ ಊರಾಗ ಆದದ್ದು ಇಲ್ಲಿ ಆಗ್ಬೇಕಂತ ಎಲ್ಲದ?" ಅನುಸೂಯಾಬಾಯಿಯ ದನಿ ಈಗ ಮೆತ್ತಗಿತ್ತು.

ದ್ರೌಪದಿ ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಆ ವರ್ಷ ನೆಲ ನಡುಗುವುದಕ್ಕೆ ಅಂಜಿ ಅವರು ಹೊರಗೇ ಮಲಗುತ್ತಿದ್ದರು. ಗಣಪತಿ ಕಳಿಸಿ ಬಂದ ರಾತ್ರಿ. ತಮ್ಮ ಭರತನಿಗೆ ಜ್ವರ, ನಾಲ್ಕು ವರ್ಷದವನು. ಇಬ್ಬನಿಗೆ ಕೆಮ್ಮುತ್ತಿದ್ದ.

"ನನಗ ನಿದ್ದಿ ಬರ್ಲಿಲ್ಲ ಅತ್ತಿ. ಅವ್ವಗ ನಾನೇ ಅಂದೆ. ಇವಗ ಒಳಗ ಮಲಗ್ಸು, ಕೆಮ್ಮಿ ಕೆಮ್ಮಿ ತಲಿ ತಿನ್ಲಿಕತ್ತಾನ, ಒಳಗ ಬೆಚ್ಚಗ ಇರ್ತಾನ ಅಂದೆ. ಅವ್ವ ಒಯ್ದು ಅಜ್ಜಿ ಮಗ್ಗಲದಾಗ ಮಲಗ್ಸಿ ಬಂದ್ಲು."

ಶೇಗಡಿಯಲ್ಲಿ ಇದ್ದಿಲು ಒಡೆಯಿತು. ಅದಕ್ಕೂ ದ್ರೌಪದಿ ಬೆಚ್ಚಿದಳು.

"ಇದು ಯಾರಿಗಿ ಹೇಳಿದ್ದಿ?" ಅತ್ತೆ ಕೇಳಿದಳು.

"ಯಾರಿಗೂ ಇಲ್ಲ. ಅವ್ವಗೂ ನೆನಪಿರ್ಲಿಲ್ಲ, ತಾನೇ ಒಯ್ದೆ ಅಂತಿದ್ಲು. ಸಾಯೂ ತನಕ ಹಂಗೇ ಅಂದ್ಲು. ನಾ ಸುಮ್ಮನಿದ್ದೆ."

ಅನುಸೂಯಾಬಾಯಿ ಸರಿದು ಬಂದು ತನ್ನ ಕೌದಿಯ ಅರ್ಧವನ್ನು ಸೊಸೆಯ ಬೆನ್ನಿಗೆ ಹಾಕಿದಳು. ಇಬ್ಬರೂ ಹಾಗೆಯೇ ಕುಳಿತರು. ದ್ರೌಪದಿ ಒಂದು ತೋಳನ್ನು ಮಗಳು ಮೊಮ್ಮಗಳ ಮೇಲೆ ಅಡ್ಡ ಚಾಚಿದ್ದಳು, ಬೀಳುವುದನ್ನು ಆ ತೋಳು ತಡೆದೀತು ಎನ್ನುವ ಹಾಗೆ. ನಸುಕಿನವರೆಗೂ ಅದನ್ನು ತೆಗೆಯಲಿಲ್ಲ.

ಏನೂ ಬೀಳಲಿಲ್ಲ.

ಬೆಳಕಾದ ಮೇಲೆ ಹೊರಗೆ ಬಂದು ನೋಡಿದರೆ ಕ್ಯಾಮೆರಾ ಇಬ್ಬನಿಯಲ್ಲಿ ತೊಯ್ದಿತ್ತು, ಬ್ಯಾಟರಿ ಮುಗಿದಿತ್ತು. ಒರೆಸಿ, ಫೋಟೋಗಳನ್ನು ಶಾಂಭವಿಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿ, ಬೇವಿನ ಕಟ್ಟೆಯ ಮೇಲೆ ಕುಳಿತು ಒಂದೊಂದೇ ತೆರೆದಳು. ಅವಳು ಒಳಗೆ ಹೋದ ಮೇಲೆ ಎರಡು ತಾಸಿಗೂ ಹೆಚ್ಚು ಹೊತ್ತು ಫೋಟೋ ಬಿದ್ದಿದ್ದವು. ಅರವತ್ತೈದು. ಅರವತ್ತೈದರಲ್ಲೂ ಚುಕ್ಕಿಗಳು ಸಾಸಿವೆ ಕಾಳಿನಷ್ಟು ದುಂಡಗೆ. ಒಂದಕ್ಕೂ ಕೊಕ್ಕೆ ಇರಲಿಲ್ಲ.

ಅವಳಿಗೆ ಮೊದಲು ಸಮಾಧಾನವಾಯಿತು, ಆಮೇಲೆ ನಾಚಿಕೆಯಂಥ ಒಂದು ಅನುಮಾನ ಬಂತು. ಒಂದು ತಾಟಿನಲ್ಲಿ ನೀರು ತುಂಬಿ ದುರ್ಬೀನಿನ ಒಂದು ಕಾಲಿನ ಪಕ್ಕ ಫರ್ಸಿಯ ಮೇಲೆ ಇಟ್ಟಳು. ನೀರು ನಿಂತಿತು. ಹೊರಸಿನಿಂದ ಎದ್ದು, ಬರಿಗಾಲಲ್ಲಿ, ಬಾಗಿಲ ಕಡೆ ನಡೆದು ತಿರುಗಿ ನೋಡಿದಳು. ತಾಟಿನ ನೀರು ಬಳೆ ಬಳೆಯಾಗಿ ಅಲುಗುತ್ತಿತ್ತು.

ಬಾಗಿಲಿನ ದಾರಿಯ ಉದ್ದನೆಯ ಫರ್ಸಿ ಸಡಿಲಾಗಿತ್ತು. ಅದರ ಒಂದು ತುದಿಯ ಮೇಲೆ ಅವಳ ಹೆಜ್ಜೆ, ಇನ್ನೊಂದು ತುದಿಯ ಮೇಲೆ ದುರ್ಬೀನಿನ ಕಾಲು. ಕಾಲೇಜಿನ ಸಿಮೆಂಟು ಗಚ್ಚಿನ ಮೇಲೆ ನಡೆದು ರೂಢಿಯಾದವಳಿಗೆ ಅದು ಹೊಳೆದಿರಲಿಲ್ಲ. ನೆಲ ನಡುಗಿರಲಿಲ್ಲ. ಅವಳು ಅಂಜಿದಾಗೆಲ್ಲ ಎದ್ದು ನಡೆದಿದ್ದಳು, ನಡೆದಾಗೆಲ್ಲ ಚುಕ್ಕಿಗಳು ಅಲುಗಿದ್ದವು, ಅಲುಗಿದ್ದನ್ನು ನೋಡಿ ಇನ್ನಷ್ಟು ಅಂಜಿದ್ದಳು.

ತಾಟು ಹಿಡಿದುಕೊಂಡು ಅಲ್ಲೇ ಕುಳಿತಿದ್ದಾಗ ಹಿತ್ತಿಲಿನಿಂದ ಅತ್ತೆಯ ದನಿ ಕೇಳಿತು. ಅನುಸೂಯಾಬಾಯಿ ಮಗನಿಗೆ ಹೇಳುತ್ತಿದ್ದಳು.

"ಈ ವರ್ಷ ಕೋಪಿ ಹೊಲದಾಗ ಬ್ಯಾಡ. ಅಂಗಳದಾಗ ಕಟ್ಟು. ಹೊರಸು ಹಿಡಿಯೂವಷ್ಟು ದೊಡ್ಡದು."

ಎಳ್ಳಮಾಸಿಯ ದಿನ ಹೊಲದಲ್ಲಿ ಜೋಳದ ಕಣಿಕೆಯ ದಂಟುಗಳಿಂದ ಗುಡಿಸಲಿನಂಥ ಚಿಕ್ಕ ಕೋಪಿ ಕಟ್ಟಿ, ಅದರೊಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುವುದು ಈ ಸೀಮೆಯ ಪದ್ಧತಿ.

"ಅಂಗಳದಾಗ ಯಾಕ ಅವ್ವಾ? ಪಾಂಡವರೇನು ಮನಿಗಿ ಬರ್ತಾರೇನು?"

"ಪಾಂಡವರಿಗಿ ಹೊಲದಾಗ ನಾಕು ಕಣಿಕಿ ನಿಂದರ್ಸು, ಸಾಕು. ಇದು ಬಾಣತಿಗಿ. ಎರಡು ಪದರು ಕಟ್ಟು, ಒಳಗಿಂದ ಸೆಗಣಿ ಮಣ್ಣು ಮೆತ್ತು. ಗಾಳಿಗಿ ಸೂಜಿಯಷ್ಟೂ ಸಂದಿ ಇರಬಾರದು."

ದ್ರೌಪದಿ ಬೇಡಿದ್ದು ಮತ್ತೆ ಕೇಳದೆಯೇ ಬಂದಿತ್ತು. ಕೂಸು ಮಾಳಿಗೆಯ ಕೆಳಗಿನಿಂದ ಹೊರಗೆ ಬರುತ್ತದೆ. ಈಗ ಒಂದು ಮಾತು ಆಡದಿದ್ದರೆ ಸಾಕು. ತಾಟಿನ ನೀರು ಚೆಲ್ಲಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿರುವುದು ಅವಳಿಗೆ ಹನ್ನೊಂದನೆಯ ವಯಸ್ಸಿನಿಂದಲೇ ರೂಢಿಯಿತ್ತು.

ಎದ್ದು ಹಿತ್ತಿಲಿಗೆ ಹೋದಳು.

"ಅತ್ತಿ, ನೆಲ ನಡಗಿಲ್ಲ. ಅದು ನನ್ನ ಕಾಲು. ಫರ್ಸಿ ಸಡ್ಲಾಗ್ಯದ, ನಾ ನಡದದ್ದಕ್ಕ ದುರ್ಬೀನ್ ಅಳ್ಳಾಡ್ಯದ. ಈಗ ನೀರಿಟ್ಟು ನೋಡಿ ಬಂದೆ."

ಧನರಾಜ ಕಣಿಕೆಯ ಹೊರೆ ಹಿಡಿದುಕೊಂಡು ಹೆಂಡತಿಯನ್ನೂ ತಾಯಿಯನ್ನೂ ನೋಡಿದ. ಅನುಸೂಯಾಬಾಯಿ ಸೆಗಣಿ ಕಲಸುತ್ತಿದ್ದ ಕೈ ಸೊಂಟಕ್ಕೆ ಇಟ್ಟುಕೊಂಡಳು.

"ನಾ ಅವಾಗೇ ಅಂದಿಲ್ಲೇನು, ನನಗ ಗೊತ್ತಾಗ್ತಿತ್ತು ಅಂತ?"

"ಹೂಂ ಅತ್ತಿ."

"ಅಲ್ಲವ್ವಾ ದ್ರೌಪದಿ, ನೆಲಾ ನಡಗಿದ್ರೇನು, ನಿನ್ನ ಕಾಲು ನಡಗಿದ್ರೇನು? ನಿದ್ದಿ ಹೋಗೂದು ನಮ್ಮದೇ." ಮಗನ ಕಡೆ ತಿರುಗಿ, "ನೀ ಯಾಕ ನಿಂತಿ? ಕಟ್ಟು. ಮೂವತ್ತು ವರ್ಷಕ್ಕ ಆಕಿ ಒಂದು ರಾತ್ರಿ ನನ್ನ ಮಾಳಿಗಿ ಬುಡಕ ಕೂತಾಳ. ನ್ಯಾಯ ಅಂತ ಒಂದು ಅದಲ್ಲ, ನಾ ಒಂದು ರಾತ್ರಿ ಹೊರಗ ಮಲಗಿ ನೋಡ್ತೀನಿ."

"ಒಂದೇ ರಾತ್ರಿ?" ಧನರಾಜ ಕೇಳಿದ.

"ಕೂಸಿನ ಅಂಗಾಲು ಹೇಳ್ತದ. ತಣ್ಣಗಾದ್ರ ನಿಂತ ಕಾಲ ಮ್ಯಾಲ ಒಳಗ ಒಯ್ತೀನಿ. ಅವಾಗ ನೀ ಅಡ್ಡ ಬರಬಾರದು, ದ್ರೌಪದಿ. ಮಾತು ಕೊಡು."

ದ್ರೌಪದಿ ಸೆಗಣಿ ಹತ್ತಿದ ಆ ಕೈಯ ಮೇಲೆ ಕೈ ಇಟ್ಟಳು. ಮಾತು ಕೊಟ್ಟಳು.

ಅಂಗಳದಲ್ಲಿ ಕೋಪಿ ಹಿಡಿಯುವ ಜಾಗ ಒಂದೇ ಇತ್ತು, ದುರ್ಬೀನು ನಿಂತ ಜಾಗ. ಹೊಲಕ್ಕೆ ಒಯ್ದರೆ ರಾತ್ರಿ ಕೂಸಿನಿಂದ ದೂರ. ಹಿತ್ತಿಲಿಗೆ ಮರಗಳು ಅಡ್ಡ. ಅಮಾವಾಸ್ಯೆಯ ಹಿಂದಿನ ರಾತ್ರಿ, ಅಮಾವಾಸ್ಯೆಯ ರಾತ್ರಿ, ವರ್ಷದಲ್ಲೇ ಚೆನ್ನಾದ ಎರಡು ಕತ್ತಲು ಎದುರಿಗಿದ್ದವು. ದ್ರೌಪದಿ ಕನ್ನಡಿಯ ಮುಚ್ಚಳ ಹಾಕಿ, ಮೋಟಾರು ಬಿಚ್ಚಿ, ಮೂರು ಕಾಲು ಮಡಚಿ, ಎಲ್ಲವನ್ನೂ ಪೆಟ್ಟಿಗೆಗೆ ಇಟ್ಟಳು. ಧನರಾಜ ಕಣಿಕೆ ನಿಲ್ಲಿಸುತ್ತ ಒಮ್ಮೆ ಅವಳ ಕಡೆ ನೋಡಿದ.

"ಎಷ್ಟು ತಾಸು ಸಿಕ್ತು?"

"ಒಳ್ಳೇವು ಹಿಡದ್ರ ಏಳು."

"ಹತ್ತು ಬೇಕಿತ್ತಲ್ಲ."

"ಹೂಂ."

ಮಧ್ಯಾಹ್ನ ಶಾಂಭವಿಯ ಕಾಲ ಬಳಿ ಕುಳಿತು ಆ ಏಳು ತಾಸನ್ನು ಒಂದರ ಮೇಲೊಂದು ಹೇರಿದಳು. ಲ್ಯಾಪ್‌ಟಾಪು ಬಹಳ ಹೊತ್ತು ಬಿಸಿಯಾಗಿ ಮೊರೆಯಿತು. ಕೊನೆಗೆ ಒರಟು ಬೂದಿಯಂಥ ಕತ್ತಲಿನಲ್ಲಿ ಒಂದು ಓರೆ ಗೀರು ಮೂಡಿತು, ಅದರ ನಡುವೆ ಕಪ್ಪು ದಾರಿ, ಮತ್ತು ಅದನ್ನು ಅಡ್ಡ ಹಾದು, ಉಸಿರು ತಾಗಿದ ಕನ್ನಡಿಯ ಮೇಲಿನ ಮಂಜಿನಷ್ಟು ತೆಳ್ಳಗೆ, ಬಳೆಯ ಒಂದು ಬದಿ. ಇನ್ನೊಂದು ಬದಿ ಕತ್ತಲಿನಿಂದ ಬೇರೆಯಾಗಿರಲಿಲ್ಲ.

"ಇದೇನವ್ವ ಅದು?" ಶಾಂಭವಿ ಕೇಳಿದಳು.

"ಇದೇ."

"ಅರ್ಧ ಕಾಣ್ತದ."

"ಅರ್ಧ ಸಿಕ್ಯದ."

ಸಂಜೆಗೆ ಕೋಪಿ ಮುಗಿಯಿತು. ನಾಗಣ್ಣ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪಾಂಡವರು ಹೊಲದಾಗ, ದ್ರೌಪದಿ ಕೋಪ್ಯಾಗ. ಈ ಸಲ ಪೂಜಿ ಎಲ್ಲಿ ಮಾಡೂದು ಅಂತ ಊರಿಗೇ ಗೊಂದಲ ಆಗ್ಯದ ವೈನಿ" ಅಂದ. ಅನುಸೂಯಾಬಾಯಿ ಅವನನ್ನು ಬೈದು ಓಡಿಸಿ, ಮೊಮ್ಮಗಳ ಕಿವಿಗೆ ಅರಳೆ ಇಟ್ಟು, ಎರಡು ಕಂಬಳಿ ಹೊದಿಸಿ, ಕೂಸಿನ ಜೊತೆ ನಡೆಸಿಕೊಂಡು ಬಂದಳು. ಕಣಿಕೆಯ ಗುಡಿಸಲಿನಲ್ಲಿ ಶೇಗಡಿ ಇಡುವಂತಿರಲಿಲ್ಲ. ಒಂದು ಕಿಡಿ ಸಾಕು. ಇಟ್ಟಿಗೆಗಳನ್ನು ಹೊರಗೆ ಕಾಯಿಸಿ, ಗೋಣಿ ಸುತ್ತಿ, ಹೊರಸಿನ ಕೆಳಗೆ ಸಾಲಾಗಿ ಇಟ್ಟರು. ಧನರಾಜ ತಾಸಿಗೊಮ್ಮೆ ಇಟ್ಟಿಗೆ ಬದಲಿಸುತ್ತೇನೆಂದು ಒಲೆಯ ಬಳಿ ಕುಳಿತ.

ರಾತ್ರಿ ಗಾಳಿ ಬಿಟ್ಟಿತು. ಹೊಸ ಕಣಿಕೆ ಗರಗರ ಅಂದಿತು. ಅನುಸೂಯಾಬಾಯಿ ಎರಡು ಸಲ ಗೊಣಗಿ ನಿದ್ದೆ ಹೋದಳು. ದ್ರೌಪದಿ ಹೋಗಲಿಲ್ಲ. ಮೇಲೆ ಬೀಳುವಂಥದ್ದು ಈಗ ಏನೂ ಇರಲಿಲ್ಲ, ಹುಲ್ಲು ಮಾತ್ರ. ಅಷ್ಟಾದರೂ ಎದೆ ಹಗುರಾಗಲಿಲ್ಲ. ಅಂಜಿಕೆ ಮಾಳಿಗೆಯಿಂದ ಇಳಿದು ಕೂಸಿನ ಕಾಲಿನ ಬಳಿ ಬಂದು ಕುಳಿತಿತ್ತು.

ಕಂಬಳಿಯ ಕೆಳಗೆ ಕೈ ಹಾಕಿ ಅಂಗಾಲು ಹುಡುಕಿದಳು. ಹುಣಸೆ ಬೀಜದಂಥ ಬೆರಳುಗಳು. ಬೆಚ್ಚಗಿದ್ದವು. ಕೈ ತೆಗೆದಳು. ಹೊರಗೆ ಧನರಾಜ ಇಟ್ಟಿಗೆ ಹೊರಳಿಸಿದ. ಅವಳು ಮತ್ತೆ ಕೈ ಹಾಕಿದಳು.